ಮರಗಟ್ಟಿದ ಬೆರಳು

ಚಳಿಯಿಂದ ಕೈಕಾಲುಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡ ಸ್ಥಿತಿಯನ್ನು ಹೇಳಲು ಕನ್ನಡದಲ್ಲಿ ‘ಮರಗಟ್ಟುವುದು’ ಎಂಬ ಮಾತೊಂದಿದೆ. ಪುಷ್ಯಮಾಸದ ಮುಂಜಾವದಲ್ಲಿ ಹೊಳೆಗಿಳಿದು ಬಟ್ಟೆಯೊಗೆದವಳೂ, ಇಬ್ಬನಿ ತೊಯ್ದ ಗದ್ದೆಯ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆದವನೂ ಈ ಮಾತನ್ನು ಸಹಜವಾಗಿ ಆಡುತ್ತಾರೆ. ಆಡಿ, ಒಲೆಯ ಮುಂದೆ ಕ್ಷಣಕಾಲ ಕೈಯೊಡ್ಡಿ, ಅದನ್ನು ಮರೆತೂಬಿಡುತ್ತಾರೆ. ನಮ್ಮ ನಾಡಿನ ಮಟ್ಟಿಗೆ ಅದು ಅಲಂಕಾರದ ಮಾತೇ ಸರಿ. ಏಕೆಂದರೆ ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯೆಂದರೆ 1884ನೆಯ ಇಸವಿ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಷಿಯಸ್. ಆ ಚಳಿಗೆ ಹಲ್ಲು ಕಟಕಟಿಸೀತೇ ಹೊರತು ನೀರು ಗಡ್ಡೆಕಟ್ಟದು, ಮಾಂಸವಂತೂ ಕಟ್ಟದು. ಆದರೆ ಹಿಮಾಲಯದ ನೀರ್ಗಲ್ಲ ಬಯಲಿಗೋ ಉತ್ತರ ಅಮೆರಿಕದ ಚಳಿಗಾಲದ ಬೀದಿಗೋ ಕಾಲಿಟ್ಟವನ ಪಾಲಿಗೆ ಅದೇ ಮಾತು ತನ್ನ ಅಲಂಕಾರವನ್ನು ಕಳಚಿ ಅಕ್ಷರಶಃ ಸತ್ಯವಾಗಿ ನಿಲ್ಲುತ್ತದೆ: ಬೆರಳು ಬಿಳಿಚಿಕೊಳ್ಳುತ್ತದೆ, ಬಿಗಿಯುತ್ತದೆ, ತಟ್ಟಿದರೆ ಮರದ ತುಂಡಿನಂತೆ ಸದ್ದು ಕೊಡುತ್ತದೆ.

ಚಳಿಯಿಂದಾಗುವ ಈ ಚರ್ಮಾಘಾತಗಳ ವಿಚಾರವು ಉಷ್ಣದೇಶದವರಾದ ನಮಗೆ ಏತಕ್ಕೆಂದು ಕೇಳುವವರಿಗೆ ಉತ್ತರವು ಸುಲಭವಾಗಿದೆ. ನಮ್ಮ ಹಳ್ಳಿಗಳ ತರುಣರು ಸೈನಿಕರಾಗಿ ಸಿಯಾಚಿನ್ನಿನಲ್ಲಿ ಕಾವಲಿದ್ದಾರೆ. ನಮ್ಮ ವೃದ್ಧರು ಅಮರನಾಥಕ್ಕೂ ಕೇದಾರಕ್ಕೂ ಮಾನಸಸರೋವರಕ್ಕೂ ಯಾತ್ರೆ ಹೋಗುತ್ತಾರೆ. ನಮ್ಮ ಮಕ್ಕಳು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಷಿಕಾಗೋ ಟೊರಾಂಟೋಗಳ ಜನವರಿಯಲ್ಲಿ ಬಸ್ಸಿಗೆ ಕಾಯುತ್ತಾರೆ. ಹುಟ್ಟಿನಿಂದ ಹಿಮವನ್ನು ಕಂಡವನಿಗೆ ತಾಯಿ ಹೇಳಿಕೊಟ್ಟ ಎಚ್ಚರಿಕೆಗಳಿರುತ್ತವೆ. ನಮಗೆ ಅಂತಹ ಮನೆಮಾತಿನ ತಿಳಿವಳಿಕೆಯಿಲ್ಲ. ಆದುದರಿಂದ ಅನುಭವವು ಕೊಡದಿದ್ದುದನ್ನು ಓದಿನಿಂದ ಪಡೆಯಬೇಕಾಗಿದೆ. ಈ ಗಾಯದ ಚರಿತ್ರೆಯನ್ನು ನೋಡಿದವರಿಗೆ ಒಂದು ವಿಚಿತ್ರವು ಹೊಳೆಯದೆ ಇರದು. ಪೂರ್ವಕಾಲದ ವೈದ್ಯರು ಹೆಪ್ಪುಗಟ್ಟಿದ ಅಂಗವನ್ನು ನಿಧಾನವಾಗಿ ಬಿಸಿ ಮಾಡುತ್ತಿದ್ದರು, ಬೇಗನೆ ಕತ್ತರಿಸುತ್ತಿದ್ದರು. ಇಂದಿನವರು ಬೇಗನೆ ಬಿಸಿ ಮಾಡುತ್ತಾರೆ, ಕತ್ತರಿಸಲು ತಿಂಗಳುಗಟ್ಟಲೆ ಕಾಯುತ್ತಾರೆ. ತ್ವರೆಯೂ ತಾಳ್ಮೆಯೂ ಹೀಗೆ ಒಂದರ ಸ್ಥಾನವನ್ನು ಮತ್ತೊಂದು ಪಡೆದುಕೊಂಡ ಕಥೆಯೇ ಈ ಶಾಸ್ತ್ರದ ಮುಖ್ಯ ಕಥೆಯಾಗಿದೆ.

ಮೊದಲು ಶರೀರದ ಧರ್ಮವನ್ನು ತಿಳಿಯೋಣ. ಬರಗಾಲದ ವರ್ಷದಲ್ಲಿ ವಿವೇಕಿಯಾದ ರೈತನು ಬಿತ್ತನೆಯ ಕಾಳನ್ನು ಮುಟ್ಟದೆ ಮನೆಯ ಉಳಿದ ವೆಚ್ಚಗಳನ್ನೆಲ್ಲ ಬಿಗಿಹಿಡಿಯುವಂತೆ, ದೇಹವು ಚಳಿಯ ಕಾಲದಲ್ಲಿ ಹೃದಯ ಮೆದುಳುಗಳ ಶಾಖವನ್ನು ಉಳಿಸುವ ಸಲುವಾಗಿ ಕೈಕಾಲುಗಳ ಬೆರಳು, ಮೂಗು, ಕಿವಿ, ಕೆನ್ನೆಗಳಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಇಷ್ಟಾದರೂ ದೇಹವು ಆ ಅಂಗಗಳ ಆಸೆಯನ್ನು ಒಮ್ಮೆಲೇ ಬಿಡುವುದಿಲ್ಲ. ಕೆಲವು ನಿಮಿಷಗಳಿಗೊಮ್ಮೆ ನಾಳಗಳು ಹಿಗ್ಗಿ, ಬೆಚ್ಚಗಿನ ರಕ್ತವನ್ನು ಬೆರಳಿಗೆ ಒಂದಿಷ್ಟು ಬಿಟ್ಟು, ಮತ್ತೆ ಮುಚ್ಚಿಕೊಳ್ಳುವುದನ್ನು ಬ್ರಿಟನ್ನಿನ ವೈದ್ಯನಾದ ಥಾಮಸ್ ಲೂಯಿಸನು 1930ರಲ್ಲಿ ವಿವರಿಸಿದನು. ದೇಹದ ಒಳಭಾಗವೇ ತಣಿಯತೊಡಗಿದಾಗ ಮಾತ್ರ ಈ ಔದಾರ್ಯವು ನಿಂತುಹೋಗುತ್ತದೆ. ಆಮೇಲೆ ಬೆರಳು ಹೊರಗಿನ ಗಾಳಿಯ ಕೈವಶವಾಗುತ್ತದೆ. ತಲೆಗೆ ಟೋಪಿಯಿಲ್ಲದವನ, ಹಸಿದವನ, ದಣಿದವನ ಬೆರಳು ಬೇಗನೆ ಹೆಪ್ಪುಗಟ್ಟುವುದರ ರಹಸ್ಯವು ಇದೇ. ಕೈಗವಸು ಎಷ್ಟು ದಪ್ಪವಾಗಿದ್ದರೇನು, ಒಳಗಿನಿಂದ ಬರಬೇಕಾದ ಶಾಖವೇ ಬಾರದಿದ್ದರೆ ಅದು ಕಾಪಾಡುವುದಾದರೂ ಏನನ್ನು?

ಶರೀರದ ದ್ರವಗಳಲ್ಲಿ ಲವಣವಿರುವುದರಿಂದ ಅವು ಶೂನ್ಯ ಡಿಗ್ರಿಗಿಂತ ತುಸು ಕೆಳಗೆ ಹೋದ ಮೇಲೆಯೇ ಹೆಪ್ಪುಗಟ್ಟುತ್ತವೆ. ನಿಧಾನವಾಗಿ ತಣಿದ ಅಂಗದಲ್ಲಿ ಮಂಜಿನ ಹರಳುಗಳು ಮೊದಲು ಹುಟ್ಟುವುದು ಜೀವಕೋಶಗಳ ಒಳಗಲ್ಲ, ಅವುಗಳ ನಡುವಣ ತೆರಪಿನಲ್ಲಿ. ಹಾಗೆ ಹೊರಗಿನ ನೀರು ಹರಳಾದಂತೆ ಉಳಿದ ದ್ರವದಲ್ಲಿ ಉಪ್ಪಿನ ಪ್ರಮಾಣವು ಏರಿ, ಜಾಡಿಯಲ್ಲಿ ಉಪ್ಪು ಬೆರೆಸಿಟ್ಟ ಮಾವಿನ ಹೋಳುಗಳು ನೀರು ಬಿಟ್ಟುಕೊಂಡು ಮುರುಟುವಂತೆ, ಜೀವಕೋಶಗಳು ತಮ್ಮ ಒಳನೀರನ್ನು ಹೊರಕ್ಕೆ ಸುರಿದು ಸುಕ್ಕಾಗುತ್ತವೆ. ಇದು ಮೊದಲನೆಯ ಪೆಟ್ಟು. ಎರಡನೆಯದು ಬೀಳುವುದು ಮಂಜು ಕರಗಿದ ಬಳಿಕ. ನಾಳಗಳ ಒಳಪೊರೆಯು ಚಳಿಗೆ ಆಗಲೇ ಘಾಸಿಗೊಂಡಿರುವುದರಿಂದ, ಮರಳಿ ಹರಿದುಬಂದ ರಕ್ತದಲ್ಲಿನ ದ್ರವವು ಅಲ್ಲಿ ಹೊರಕ್ಕೆ ಸೋರಿ ಬಾವು ಏರುತ್ತದೆ; ಉರಿಯೂತದ ದ್ರವ್ಯಗಳು ಹುಟ್ಟುತ್ತವೆ; ಕೂದಲೆಳೆಗಿಂತ ಸಪುರವಾದ ನಾಳಗಳಲ್ಲಿ ರಕ್ತವು ಗರಣೆಗಟ್ಟಿ ದಾರಿಯನ್ನು ಮುಚ್ಚುತ್ತದೆ. ಹಿಮಕಡಿತವೆಂದರೆ ಚರ್ಮದ ರೋಗವೆಂದು ಮೇಲುನೋಟಕ್ಕೆ ತೋರಿದರೂ ಅದು ಬಹುಮಟ್ಟಿಗೆ ರಕ್ತನಾಳಗಳ ವಿಪತ್ತು ಎಂಬ ಈ ಅರಿವು ಮೂಡಲು ಬಹಳ ಕಾಲ ಹಿಡಿಯಿತು. ಮೂಡಿದ ಮೇಲೆ ಚಿಕಿತ್ಸೆಯ ದಿಕ್ಕೇ ತಿರುಗಿತು.

ಚಳಿಯ ಗಾಯಗಳಲ್ಲಿ ಎರಡು ಕುಲಗಳಿವೆ. ಅಂಗವು ಹೆಪ್ಪುಗಟ್ಟದೆಯೇ ಆಗುವವು ಒಂದು, ಹೆಪ್ಪುಗಟ್ಟಿ ಆಗುವವು ಮತ್ತೊಂದು. ಮೊದಲ ಕುಲದಲ್ಲಿ ಸೌಮ್ಯವಾದುದು ಚಿಲ್‌ಬ್ಲೇನ್. ಶೂನ್ಯಕ್ಕಿಂತ ಮೇಲಿನ ಉಷ್ಣತೆಯಲ್ಲಿಯೇ, ತೇವವೂ ಚಳಿಯೂ ಕೂಡಿದ ಹವೆಯಲ್ಲಿ, ಕಾಲ್ಬೆರಳುಗಳ ಮೇಲೆ ಕೆಂಪಾಗಿಯೋ ನೇರಳೆಯಾಗಿಯೋ ಗಂಟುಗಳೆದ್ದು, ಕಾಲು ಬೆಚ್ಚಗಾದೊಡನೆ ಅಸಾಧ್ಯವಾದ ತುರಿಕೆಯನ್ನು ಕೊಡುತ್ತವೆ; ಬೆಚ್ಚಗೂ ಒಣಗಿಯೂ ಇರಿಸಿಕೊಂಡರೆ ಕೆಲವು ವಾರಗಳಲ್ಲಿ ತಾವಾಗಿಯೇ ಅಡಗುತ್ತವೆ. ಅದೇ ಕುಲದ ಕ್ರೂರವಾದ ಸಂತಾನವೆಂದರೆ ಟ್ರೆಂಚ್ ಫುಟ್. ಮೊದಲನೆಯ ಮಹಾಯುದ್ಧದಲ್ಲಿ, 1914ರ ಚಳಿಗಾಲದಿಂದ ಮೊದಲ್ಗೊಂಡು, ಫ್ಲಾಂಡರ್ಸ್ ಪ್ರಾಂತದ ಕೆಸರು ತುಂಬಿದ ಕಂದಕಗಳಲ್ಲಿ ಹಗಲಿರುಳೂ ತೋಯ್ದ ಬೂಟುಗಳೊಡನೆ ನಿಂತ ಸೈನಿಕರ ಪಾದಗಳು ಮಂಜು ಬೀಳದಿದ್ದರೂ ಊದಿ, ಕಂದಿ, ಕೊಳೆಯತೊಡಗಿದವು. ಮಾರ್ಸೇಲ್ಸಿನಲ್ಲಿ ಇಳಿದು ಆ ಕೆಸರಿನಲ್ಲಿ ತಮ್ಮ ಮೊದಲ ಐರೋಪ್ಯ ಚಳಿಗಾಲವನ್ನು ಕಳೆದವರಲ್ಲಿ ಭಾರತದ ಪಡೆಗಳೂ ಇದ್ದವು. ಬ್ರಿಟಿಷ್ ಸೇನೆಯು ಕಡೆಗೆ ಕಂಡುಕೊಂಡ ಪರಿಹಾರವು ಔಷಧಾಲಯದ್ದಲ್ಲ, ದಿನಚರಿಯದು: ಪ್ರತಿಯೊಬ್ಬನೂ ದಿನವೂ ಬೂಟು ಬಿಚ್ಚಿ, ಕಾಲೊರಸಿ, ತಿಮಿಂಗಿಲದ ಎಣ್ಣೆ ಹಚ್ಚಿ, ಒಣಗಿದ ಕಾಲುಚೀಲವನ್ನು ತೊಡಬೇಕು, ಅಧಿಕಾರಿಯು ಪಾದಗಳನ್ನು ಕಣ್ಣಾರೆ ಪರೀಕ್ಷಿಸಬೇಕು. ಆ ಎಣ್ಣೆಯ ಗುಣಕ್ಕಿಂತ ಪ್ರತಿದಿನವೂ ಪಾದವನ್ನು ಬಿಚ್ಚಿ ನೋಡುವ ಆ ನಿಯಮದ ಗುಣವೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಎರಡನೆಯ ಕುಲವೇ ಹಿಮಕಡಿತ. ವೈದ್ಯರೂ ಸೈನಿಕರೂ ಫ್ರಾಸ್ಟ್‌ಬೈಟ್ ಎನ್ನುವುದು ಇದನ್ನೇ. ಅದು ಹೆಜ್ಜೆ ಹೆಜ್ಜೆಯಾಗಿ ಬರುವ ಬಗೆಯನ್ನು ತಿಳಿಯಲು ನಮ್ಮ ಆಡುಮಾತೇ ನೆರವಾಗುತ್ತದೆ. ಮೊದಲು ಬೆರಳು ಜುಮ್ಮೆನ್ನುತ್ತದೆ, ಚುಚ್ಚಿದಂತೆ ನೋಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ, ಕಡೆಗೆ ಮರಗಟ್ಟುತ್ತದೆ. ಜುಮ್ಮೆನ್ನುವಾಗ ಚರ್ಮವು ಕೇವಲ ಬಿಳಿಚಿಕೊಂಡಿರುತ್ತದೆ; ಆ ಕ್ಷಣದಲ್ಲಿ ಬೆರಳನ್ನು ಕಂಕುಳಲ್ಲಿಟ್ಟುಕೊಂಡರೆ, ಕೆನ್ನೆ ಮೂಗುಗಳ ಮೇಲೆ ಬೆಚ್ಚಗಿನ ಅಂಗೈಯನ್ನು ಒತ್ತಿಹಿಡಿದರೆ, ಯಾವ ಹಾನಿಯೂ ಉಳಿಯದೆ ಬಣ್ಣವೂ ಅರಿವೂ ಮರಳುತ್ತವೆ. ಮರಗಟ್ಟಿದ ಮೇಲಿನ ಮಾತು ಬೇರೆ. ಚರ್ಮವು ಮೇಣದಂತೆ ಬಿಳಿಯಾಗಿಯೋ ಬೂದು ಬಣ್ಣವಾಗಿಯೋ ತೋರುತ್ತದೆ, ಒತ್ತಿದರೆ ತಗ್ಗುವುದಿಲ್ಲ, ಗಿಲ್ಲಿದರೆ ತಿಳಿಯುವುದಿಲ್ಲ. ಪಾಶ್ಚಾತ್ಯ ಗ್ರಂಥಗಳು ವರ್ಣಿಸುವ ಕೆಂಪು ಬಿಳುಪುಗಳು ನಮ್ಮ ಕಪ್ಪು ಕಂದು ಮೈಬಣ್ಣದ ಮೇಲೆ ಅಷ್ಟು ಸ್ಪಷ್ಟವಾಗಿ ಕಾಣವೆಂಬುದನ್ನು ನಾವು ನೆನಪಿಡಬೇಕು. ನಮ್ಮವರ ಚರ್ಮವು ಬೂದಿ ಬಳಿದಂತೆ ಕಳೆಗುಂದುತ್ತದೆಯಷ್ಟೆ. ಆದಕಾರಣ ಕಣ್ಣಿಗಿಂತ ಕೈಯನ್ನು ನಂಬಿ, ಮುಟ್ಟಿ ಒತ್ತಿ ಪರೀಕ್ಷಿಸುವುದೇ ಮೇಲು.

ಗಾಯದ ಆಳವು ಗೊತ್ತಾಗುವುದು ಅಂಗವು ಬೆಚ್ಚಗಾದ ಬಳಿಕವೇ. ಸುಟ್ಟಗಾಯಗಳಂತೆ ಇದನ್ನೂ ನಾಲ್ಕು ದರ್ಜೆಗಳಾಗಿ ವಿಂಗಡಿಸುವುದು ವಾಡಿಕೆ. ಮೊದಲನೆಯದರಲ್ಲಿ ಬೊಬ್ಬೆಗಳಿಲ್ಲ, ಬಾವು ಮಾತ್ರ. ಎರಡನೆಯದರಲ್ಲಿ ತಿಳಿನೀರು ತುಂಬಿದ ಬೊಬ್ಬೆಗಳು ಒಂದು ದಿನದೊಳಗಾಗಿ ಏಳುತ್ತವೆ. ಮೂರನೆಯದರಲ್ಲಿ ಬೊಬ್ಬೆಯೊಳಗೆ ರಕ್ತ ಕಾಣುತ್ತದೆ. ಘಾಸಿಯು ಚರ್ಮದ ತಳದವರೆಗೆ ಇಳಿದಿರುವ ಗುರುತು ಅದು. ನಾಲ್ಕನೆಯದು ಮಾಂಸ ಮೂಳೆಗಳನ್ನೂ ಹೊಕ್ಕು, ಅಂಗವು ಕಪ್ಪಾಗಿ ಒಣಗಿ ಮಮ್ಮಿಯ ಬೆರಳಿನಂತಾಗುತ್ತದೆ. ಇಷ್ಟರ ಮಧ್ಯೆ ರೋಗಿಯನ್ನು ಮೋಸಗೊಳಿಸುವ ಸಂಗತಿಯೊಂದುಂಟು: ಉಳಿದ ಗಾಯಗಳಲ್ಲಿ ನೋವು ಹೆಚ್ಚಿದಷ್ಟೂ ಅಪಾಯ ಹೆಚ್ಚು, ಇಲ್ಲಿಯಾದರೋ ನೋವು ಅಡಗಿದಾಗಲೇ ಅಪಾಯವು ಒಳಹೊಕ್ಕಿರುತ್ತದೆ, ಬೆಚ್ಚಗಾಗುವ ಹೊತ್ತಿನಲ್ಲಿ ಕಾಣಿಸಿಕೊಳ್ಳುವ ಭಯಂಕರವಾದ ಉರಿಯಾದರೋ ಜೀವವು ಮರಳುತ್ತಿರುವುದರ ಶುಭಸೂಚನೆ.

ಈ ವಿಪತ್ತು ಮನುಷ್ಯನಷ್ಟೇ ಹಳೆಯದು. ಸೈನ್ಯಗಳ ಚರಿತ್ರೆಯಲ್ಲಿ ಅದರ ಗುರುತುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಕ್ರಿಸ್ತಪೂರ್ವ 401ರ ಯುದ್ಧದ ಬಳಿಕ ಗ್ರೀಕ್ ಸೈನಿಕರು ಪರ್ಷಿಯಾದಿಂದ ತಾಯ್ನಾಡಿಗೆ ಮರಳುತ್ತ ಆರ್ಮೇನಿಯದ ಹಿಮದಲ್ಲಿ ಸಿಕ್ಕಿಕೊಂಡುದನ್ನು ಅವರ ನಾಯಕರಲ್ಲೊಬ್ಬನಾದ ಕ್ಸೆನೊಫನ್ನನು ಬರೆದಿಟ್ಟಿದ್ದಾನೆ. ಕೆಲವರ ಕಾಲ್ಬೆರಳುಗಳು ಚಳಿಗೆ ಕೊಳೆತು ಉದುರಿದುವಂತೆ. ಸದಾ ಚಲಿಸುತ್ತಿದ್ದು, ರಾತ್ರಿ ಮಲಗುವಾಗ ಪಾದರಕ್ಷೆಯನ್ನು ಕಳಚಿದವರ ಕಾಲು ಉಳಿಯಿತು. ಕಟ್ಟಿಕೊಂಡೇ ಮಲಗಿದವರಿಗೆ ಪಟ್ಟಿಗಳು ಮಾಂಸವನ್ನು ಕೊರೆದು, ಪಾದರಕ್ಷೆಯು ಪಾದಕ್ಕೆ ಹೆಪ್ಪುಗಟ್ಟಿ ಅಂಟಿತು. ಇಂದಿನ ಪರ್ವತಾರೋಹಿಗೆ ಹೇಳಿಕೊಡುವ ನಿಯಮಗಳಲ್ಲಿ ಇದಕ್ಕಿಂತ ಹೆಚ್ಚಿನದು ಅಷ್ಟೇನೂ ಇಲ್ಲ. ನಿವಾರಣೆಯ ವಿವೇಕವು ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದೆಯೇ ಕೈಗೆ ಸಿಕ್ಕಿತ್ತು. ಚಿಕಿತ್ಸೆಯ ವಿವೇಕವು ಮಾತ್ರ ಬಹುಕಾಲ ದಾರಿತಪ್ಪಿ ಅಲೆಯಿತು.

ದಾರಿ ತಪ್ಪಿಸಿದವನು ಸಾಮಾನ್ಯನಲ್ಲ. ನೆಪೋಲಿಯನ್ನನ ಸೇನೆಯ ಮಹಾಶಸ್ತ್ರವೈದ್ಯನಾದ ಡೊಮಿನಿಕ್ ಜೀನ್ ಲಾರೇ. ಸೆಪ್ಟೆಂಬರ್ 1812ರಲ್ಲಿ ಬೊರೊಡಿನೊ ಕದನದ ಹೊತ್ತಿಗೆ ಒಂದೇ ದಿನದಲ್ಲಿ ಇನ್ನೂರು ಅಂಗಚ್ಛೇದನಗಳನ್ನು ಮಾಡಿದನೆಂದು ಪ್ರಸಿದ್ಧಿ ಪಡೆದ ಆತನು, ಅದೇ ವರ್ಷದ ಚಳಿಗಾಲದಲ್ಲಿ ಮಾಸ್ಕೋದಿಂದ ಹಿಮ್ಮೆಟ್ಟಿದ ಸೈನ್ಯದ ಜೊತೆಗೆ ನಡೆದು, ರಾತ್ರಿ ಬೀಡಾರದಲ್ಲಿ ಉರಿಯುವ ಬೆಂಕಿಗೆ ಹೆಪ್ಪುಗಟ್ಟಿದ ಕೈಕಾಲುಗಳನ್ನು ಒಡ್ಡಿದವರ ಅಂಗಗಳೇ ಕೊಳೆಯುವುದನ್ನು ಕಂಡನು. ಕಂಡದ್ದು ಸತ್ಯವೇ, ಅದರಿಂದ ತೆಗೆದ ತೀರ್ಮಾನವು ಮಾತ್ರ ತಪ್ಪಾಯಿತು. ಶಾಖವೇ ಶತ್ರುವೆಂದೂ, ಹೆಪ್ಪುಗಟ್ಟಿದ ಅಂಗವನ್ನು ಹಿಮದಿಂದಲೇ ಉಜ್ಜಿ ಮೆಲ್ಲಮೆಲ್ಲನೆ ಕರಗಿಸಬೇಕೆಂದೂ ಆತನು ಬೋಧಿಸಿದನು. ಅರಿವಿಲ್ಲದ ಚರ್ಮವನ್ನು ಉರಿಯ ಮುಂದೆ ಹಿಡಿದರೆ ಅದು ಸುಡುತ್ತದೆಂಬುದೂ, ರಾತ್ರಿ ಕರಗಿದ ಪಾದವು ಮರುದಿನದ ನಡಿಗೆಯಲ್ಲಿ ಮತ್ತೆ ಹೆಪ್ಪುಗಟ್ಟಿ ಇಮ್ಮಡಿ ನಾಶವಾಗುತ್ತಿತ್ತೆಂಬುದೂ ನಿಜವಾದ ಕಾರಣಗಳಾಗಿದ್ದುವು. ಆದರೆ ಲಾರೇಯ ಹೆಸರಿನ ಗೌರವವು ಎಷ್ಟಿತ್ತೆಂದರೆ, ಹಿಮದಿಂದ ಉಜ್ಜುವ ಆ ಪದ್ಧತಿಯು ಒಂದು ಶತಮಾನಕ್ಕೂ ಮಿಕ್ಕಿ ಪಠ್ಯಗ್ರಂಥಗಳಲ್ಲಿ ಆಳಿತು. ಉಜ್ಜಿದಷ್ಟೂ ಮಂಜಿನ ಹರಳುಗಳಿಂದ ಬಿರುಸಾದ ಚರ್ಮವು ಹರಿಯಿತು. ಇಂದಿಗೂ ಯಾರಾದರೂ ಹಿರಿಯರು ಹಿಮದಿಂದ ಉಜ್ಜಿರೆಂದು ಉಪದೇಶಿಸಿದರೆ, ಅವರ ಬಾಯಲ್ಲಿ ಮಾತನಾಡುತ್ತಿರುವವನು 1812ರ ಲಾರೇ ಎಂದು ತಿಳಿಯಬೇಕು.

ಈ ಭ್ರಮೆಯು ಹರಿದದ್ದು ಇಪ್ಪತ್ತನೆಯ ಶತಮಾನದಲ್ಲಿ. 1930ರ ದಶಕದಲ್ಲಿ ಸೋವಿಯತ್ ದೇಶದ ಶಸ್ತ್ರವೈದ್ಯ ಗಿರ್ಗೋಲಾವ್ ಮೊದಲಾದವರು ಬೆಚ್ಚಗಿನ ನೀರಿನಲ್ಲಿ ಶೀಘ್ರವಾಗಿ ಕರಗಿಸುವುದೇ ಮೇಲೆಂದು ಕಂಡುಕೊಂಡರು. 1960ರ ದಶಕದ ಆರಂಭದಲ್ಲಿ ಅಲಾಸ್ಕದ ಆಂಕರೇಜ್ ನಗರದ ವೈದ್ಯ ವಿಲಿಯಂ ಮಿಲ್ಸ್ ತನ್ನ ರೋಗಿಗಳ ಅನುಭವದಿಂದ ಅದೇ ವಿಧಾನವನ್ನು ಪ್ರಚುರಪಡಿಸಿದನು. ಅಂಗವು ಹೆಪ್ಪುಗಟ್ಟಿದ ಸ್ಥಿತಿಯಲ್ಲಿರುವ ಪ್ರತಿಯೊಂದು ನಿಮಿಷವೂ ಜೀವಕೋಶಗಳಿಗೆ ನಷ್ಟವೆಂಬ ತತ್ತ್ವವು ಹೀಗೆ ನೆಲೆಯೂರಿತು.

ಆ ಎರಡು ಯುಗಗಳ ಸಂಧಿಯಲ್ಲಿ ನಿಂತ ಮನುಷ್ಯನೆಂದರೆ ಫ್ರಾನ್ಸಿನ ಮೋರಿಸ್ ಹರ್ಜಾಗ್. 1950ರ ಜೂನ್ 3ರಂದು ಆತನೂ ಲೂಯಿ ಲಾಶೆನಾಲ್ ಎಂಬವನೂ ಅನ್ನಪೂರ್ಣಾ ಶಿಖರವನ್ನೇರಿದರು. ಎಂಟು ಸಾವಿರ ಮೀಟರಿಗೂ ಮೇಲ್ಪಟ್ಟ ಶಿಖರವನ್ನು ಮನುಷ್ಯನು ತುಳಿದದ್ದು ಅದೇ ಮೊದಲು. ಇಳಿಯುವಾಗ ಬೆನ್ನಚೀಲವನ್ನು ಬಿಚ್ಚಲೆಂದು ಹರ್ಜಾಗ್ ಕೈಗವಸುಗಳನ್ನು ಕಳಚಿ ಪಕ್ಕದಲ್ಲಿಟ್ಟನು; ಅವು ಜಾರಿ, ಇಳುಕಲಿನಲ್ಲಿ ಉರುಳುತ್ತ, ಅವನ ಕಣ್ಣೆದುರಿಗೇ ಮರೆಯಾದುವು. ಚೀಲದಲ್ಲಿ ಒಂದು ಜೊತೆ ಹೆಚ್ಚುವರಿ ಕಾಲುಚೀಲವಿತ್ತು. ಅದನ್ನು ಕೈಗಳಿಗೆ ತೊಟ್ಟುಕೊಳ್ಳಬಹುದೆಂಬ ಯೋಚನೆಯು ಆ ಎತ್ತರದ ವಿರಳವಾದ ಗಾಳಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ. ಜೊತೆಗಾರರು ಮರಗಟ್ಟಿದ ಅಂಗಗಳಿಗೆ ರಕ್ತವನ್ನು ಮರಳಿಸಲು ಹಗ್ಗದ ತುದಿಯಿಂದ ಹೊಡೆದರು. ಅಂದಿನ ತಿಳಿವಳಿಕೆ ಅಷ್ಟೇ ಇತ್ತು. ಹಿಂದಿರುಗುವ ದಾರಿಯಲ್ಲಿಯೇ ತಂಡದ ವೈದ್ಯ ಊದೋ ಒಂದೊಂದಾಗಿ ಬೆರಳುಗಳನ್ನು ಕತ್ತರಿಸಬೇಕಾಯಿತು. ಹರ್ಜಾಗನು ಕಾಲ್ಬೆರಳುಗಳೆಲ್ಲವನ್ನೂ ಕೈಬೆರಳುಗಳ ಬಹುಭಾಗವನ್ನೂ ತೆತ್ತನು; ಲಾಶೆನಾಲ್ ಕಾಲ್ಬೆರಳುಗಳೆಲ್ಲವನ್ನು. ಚಳಿಯು ಬೆರಳಿಗೆ ಮುಂಚೆ ಬುದ್ಧಿಯನ್ನು ಕಡಿಯುತ್ತದೆ ಎಂಬುದಕ್ಕೆ, ಚೀಲದಲ್ಲೇ ಉಳಿದ ಆ ಕಾಲುಚೀಲಕ್ಕಿಂತ ದೊಡ್ಡ ಸಾಕ್ಷಿಯು ಬೇಡ.

ಇಂದು ಸಮ್ಮತವಾಗಿರುವ ಪ್ರಥಮ ಚಿಕಿತ್ಸೆಯನ್ನು ಈಗ ಕ್ರಮವಾಗಿ ನೋಡೋಣ. ಗಾಳಿಯಿಲ್ಲದ ಮರೆಗೆ ರೋಗಿಯನ್ನು ಸೇರಿಸಿ, ಒದ್ದೆ ಬಟ್ಟೆಗಳನ್ನೂ ಉಂಗುರ ಬಳೆಗಳನ್ನೂ ತೆಗೆಯಬೇಕು. ಬಾವು ಏರಿದ ಮೇಲೆ ಉಂಗುರವೇ ಬೆರಳಿಗೆ ಉರುಳಾಗುತ್ತದೆ. ಮೈಯೆಲ್ಲ ತಣಿದು, ಮಾತು ತೊದಲಿ, ನಡುಕವೂ ನಿಂತುಹೋಗಿದ್ದರೆ ಬೆರಳಿನ ಚಿಂತೆಯನ್ನು ಬದಿಗಿಟ್ಟು ಪ್ರಾಣವನ್ನುಳಿಸುವ ಕಡೆಗೆ ಮೊದಲು ಗಮನವೀಯಬೇಕು. ಅನಂತರ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಅಂಗವನ್ನು ಕರಗಿಸಿದರೆ ಮತ್ತೆ ಹೆಪ್ಪುಗಟ್ಟದಂತೆ ಕಾಪಾಡಬಲ್ಲೆವೆ? ಕಾಪಾಡಲಾಗದಿದ್ದರೆ ಕರಗಿಸದಿರುವುದೇ ಲೇಸು. ಹೆಪ್ಪುಗಟ್ಟಿದ ಪಾದದ ಮೇಲೆ ನಡೆದು ಆಶ್ರಯವನ್ನು ಸೇರಬಹುದು. ಕರಗಿದ ಪಾದವಾದರೋ ಊದಿಕೊಂಡು ಬೂಟಿನೊಳಗೆ ಮರಳಿ ಹೋಗದು, ಹೋದರೂ ನಡೆಗೊಡದು, ಮತ್ತೆ ಹೆಪ್ಪುಗಟ್ಟಿದರಂತೂ ಉಳಿಯದು.

ಕಾಪಾಡಬಲ್ಲೆವೆಂಬ ಭರವಸೆಯಿದ್ದರೆ ಸ್ವಲ್ಪವೂ ತಡಮಾಡದೆ ಅಗಲವಾದ ಬೋಗುಣಿಯಲ್ಲಿ 37ರಿಂದ 39 ಡಿಗ್ರಿಯಷ್ಟು ಬಿಸಿಯಾದ ನೀರನ್ನು ಸಿದ್ಧಪಡಿಸಬೇಕು. ಉಷ್ಣಮಾಪಕವಿಲ್ಲದಿದ್ದರೆ ನಮ್ಮ ಮನೆಗಳ ಅಜ್ಜಿಯರು ಎಳೆಗೂಸಿಗೆ ಎರೆಯುವ ಮುನ್ನ ಮೊಣಕೈಯನ್ನದ್ದಿ ಹದ ನೋಡುವ ಕ್ರಮವೇ ಸಾಕು. ಎಳೆಗೂಸು ಸಹಿಸುವ ಬಿಸಿಯೇ ಇಲ್ಲಿಯೂ ಬೇಕಾದ ಬಿಸಿ. ಆದರೆ ಅದ್ದಿ ನೋಡುವ ಕೈಯು ಆರೋಗ್ಯವಂತನದಾಗಿರಬೇಕು, ಏಕೆಂದರೆ ಮರಗಟ್ಟಿದ ಕೈಗೆ ಕುದಿನೀರೂ ತಣ್ಣೀರೂ ಒಂದೇ. ಬೆರಳುಗಳು ಪಾತ್ರೆಯ ತಳಕ್ಕೂ ಅಂಚಿಗೂ ತಗುಲದಂತೆ ನೀರಿನಲ್ಲಿ ತೇಲಿಬಿಡಬೇಕು. ಅಂಗದ ಚಳಿಗೆ ನೀರು ಬೇಗನೆ ಆರುತ್ತದೆ. ಆಗಾಗ ಅಂಗವನ್ನು ಹೊರತೆಗೆದು, ಬಿಸಿನೀರು ಬೆರೆಸಿ, ಹದ ನೋಡಿ, ಮತ್ತೆ ಇಳಿಸಬೇಕು. ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಹೀಗೆ ನಡೆದರೆ ಬಿರುಸಾಗಿದ್ದ ಚರ್ಮವು ಮೆತ್ತಗಾಗಿ, ಬೆರಳ ತುದಿಯವರೆಗೂ ರಂಗೇರುತ್ತದೆ, ಆಗ ನಿಲ್ಲಿಸಬೇಕು. ಈ ಹೊತ್ತಿನಲ್ಲಿ ರೋಗಿಯು ನೋವಿನಿಂದ ಗೋಳಿಡುತ್ತಾನೆ. ಅವನಿಗೆ ನೋವುನಿವಾರಕವನ್ನು ಕೊಡಬೇಕೇ ಹೊರತು ಮರುಕದಿಂದ ಕೈಯನ್ನು ನೀರಿನಿಂದ ತೆಗೆಯಬಾರದು. ಬೆಂಕಿ, ಅಗ್ಗಷ್ಟಿಕೆ, ಬುಖಾರಿ, ಹೀಟರುಗಳ ಒಣಶಾಖವೂ, ತಿಕ್ಕುವುದೂ, ಹಿಮ ಸವರುವುದೂ, ಮದ್ಯ ಕುಡಿಸುವುದೂ, ಬೀಡಿ ಸಿಗರೇಟುಗಳೂ ಸರ್ವಥಾ ವರ್ಜ್ಯ. ಆಮೇಲೆ ತೇವವನ್ನು ಒತ್ತಿ ತೆಗೆದು, ಬೆರಳು ಬೆರಳುಗಳ ನಡುವೆ ಒಣ ಹತ್ತಿಯನ್ನಿಟ್ಟು, ಸಡಿಲವಾಗಿ ಬಟ್ಟೆ ಸುತ್ತಿ, ಅಂಗವನ್ನು ಎತ್ತರಿಸಿಟ್ಟು ಆಸ್ಪತ್ರೆಗೆ ಸಾಗಿಸಬೇಕು.

ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆಯು ಹೆಚ್ಚಾಗಿ ರಕ್ತನಾಳಗಳನ್ನು ತೆರೆದಿಡುವ ಪ್ರಯತ್ನವೇ. ಉರಿಯೂತವನ್ನು ತಗ್ಗಿಸಲು ಐಬುಪ್ರೊಫೆನ್, ಗಾಯದ ಮೇಲೆ ಲೋಳೆಸರದ ಲೇಪ, ಧನುರ್ವಾಯುವಿನ ವಿರುದ್ಧ ಚುಚ್ಚುಮದ್ದು ಇವು ಸಾಮಾನ್ಯ ಕ್ರಮಗಳು. ತಿಳಿನೀರಿನ ಬೊಬ್ಬೆಗಳನ್ನು ವೈದ್ಯನು ಬರಿದುಮಾಡಬಹುದು. ರಕ್ತದ ಬೊಬ್ಬೆಗಳನ್ನು ಒಡೆಯದೆ ಬಿಡುವುದೇ ರೂಢಿ. ತೀವ್ರವಾದ ಗಾಯಗಳಲ್ಲಿ, ಕರಗಿದ 24 ಗಂಟೆಗಳೊಳಗೆ ರೋಗಿಯು ಬಂದರೆ, ಹೃದಯಾಘಾತದಲ್ಲಿ ಕೊಡುವಂತೆ ರಕ್ತದ ಗರಣೆಯನ್ನು ಕರಗಿಸುವ ಮದ್ದನ್ನು ಕೊಡುವುದುಂಟು. ಇದಕ್ಕಿಂತ ದೊಡ್ಡ ಭರವಸೆಯು ಬಂದದ್ದು ಆಲ್ಪ್ಸ್ ಪರ್ವತದ ಬುಡದ ಶಾಮೊನಿ ಪಟ್ಟಣದಿಂದ. ಅಲ್ಲಿನ ವೈದ್ಯನೂ ಪರ್ವತಾರೋಹಿಯೂ ಆಗಿದ್ದ ಎಮಾನ್ಯುಯೆಲ್ ಕೋಶಿ ತನ್ನ ಸಂಗಡಿಗರೊಡನೆ ತೀವ್ರ ಹಿಮಕಡಿತದ 47 ರೋಗಿಗಳಲ್ಲಿ ಮೂರು ಬಗೆಯ ಔಷಧಕ್ರಮಗಳನ್ನು ಹೋಲಿಸಿ 2011ರಲ್ಲಿ ಫಲಿತವನ್ನು ಪ್ರಕಟಿಸಿದನು. ನಾಳಗಳನ್ನು ಹಿಗ್ಗಿಸುವ ಇಲೊಪ್ರಾಸ್ಟ್ ಎಂಬ ಔಷಧವನ್ನಷ್ಟೇ ಪಡೆದ ಗುಂಪಿನಲ್ಲಿ ಯಾರಿಗೂ ಬೆರಳು ಕತ್ತರಿಸುವ ಅಗತ್ಯವು ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ತೀವ್ರ ಹಿಮಕಡಿತಕ್ಕಾಗಿ ಅದಕ್ಕೆ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ನೋಡಲು ಕೋಶಿ ಇರಲಿಲ್ಲ, 2018ರಲ್ಲಿ ಶಾಮೊನಿಯ ಸಮೀಪದಲ್ಲಿಯೇ ಹಿಮಕುಸಿತದಲ್ಲಿ ಆತನು ತೀರಿಕೊಂಡಿದ್ದನು.

ಇನ್ನು ಕತ್ತಿಯ ವಿಚಾರ. ಬಂದೂಕಿನ ಗಾಯದಲ್ಲಿ ಲಾರೇಯ ಕಾಲದ ತ್ವರಿತ ಛೇದನವು ಪ್ರಾಣವನ್ನುಳಿಸುತ್ತಿತ್ತು. ಆ ನ್ಯಾಯವನ್ನು ಚಳಿಯ ಗಾಯಕ್ಕೆ ಅನ್ವಯಿಸಿದರೆ ಉಳಿಯಬಹುದಾದ ಬೆರಳೂ ಹೋಗುತ್ತದೆ. ಕಪ್ಪಾಗಿ ಕಂಡ ಚರ್ಮದ ಕೆಳಗೆ ಜೀವಂತ ಮಾಂಸವಿರುವುದುಂಟು. ಅದು ಮೇಲಿನ ಸತ್ತ ಪೊರೆಯನ್ನು ಚಿಪ್ಪಿನಂತೆ ಕಳಚಿ ಹೊರಬರುವುದೂ ಉಂಟು. ಸತ್ತುದಕ್ಕೂ ಬದುಕಿದ್ದಕ್ಕೂ ನಡುವಣ ಗಡಿರೇಖೆಯು ತಾನಾಗಿ ಮೂಡಲು ಒಂದರಿಂದ ಮೂರು ತಿಂಗಳು ಬೇಕು. ‘ಜನವರಿಯಲ್ಲಿ ಹಿಮಕಡಿತ, ಜುಲೈಯಲ್ಲಿ ಛೇದನ’ ಎಂಬುದು ಶಸ್ತ್ರವೈದ್ಯರಲ್ಲಿ ಹಳೆಯ ನಾಣ್ಣುಡಿ. ಸೋಂಕು ಹತ್ತಿ ಪ್ರಾಣಾಪಾಯವೊದಗಿದಾಗ ಮಾತ್ರ ಈ ನಿಯಮವನ್ನು ಮೀರಬೇಕು. ಗುಣವಾದ ಮೇಲೆಯೂ ಆ ಬೆರಳು ಚಳಿಯನ್ನು ಮರೆಯದು. ವರ್ಷಗಳ ಬಳಿಕವೂ ತಣ್ಣನೆಯ ಗಾಳಿಗೆ ನೋಯುತ್ತದೆ, ಮತ್ತೊಮ್ಮೆ ಕಡಿತಕ್ಕೆ ಸುಲಭವಾಗಿ ಒಳಗಾಗುತ್ತದೆ, ಮಕ್ಕಳಲ್ಲಾದರೆ ಮೂಳೆಯ ಬೆಳವಣಿಗೆಯೇ ಕುಂಠಿತವಾಗಬಹುದು.

ನಿವಾರಣೆಯೇ ಶ್ರೇಷ್ಠವೆಂಬ ಮಾತು ಈ ರೋಗದಲ್ಲಿ ಸವಕಲು ಮಾತಲ್ಲ. ಚಳಿಯನ್ನು ಅಳೆಯುವಾಗ ಗಾಳಿಯನ್ನು ಮರೆಯಬಾರದು. ಅಂಟಾರ್ಕ್ಟಿಕದಲ್ಲಿ ಪಾಲ್ ಸೈಪಲ್, ಚಾರ್ಲ್ಸ್ ಪಾಸೆಲ್ ಎಂಬಿಬ್ಬರು ಪ್ಲಾಸ್ಟಿಕ್ ಪಾತ್ರೆಯಲ್ಲಿನ ನೀರು ಗಾಳಿಯಲ್ಲಿ ಎಷ್ಟು ಬೇಗ ಹೆಪ್ಪುಗಟ್ಟುವುದೆಂದು ಎಣಿಸಿ, 1945ರಲ್ಲಿ ಅದರ ಲೆಕ್ಕವನ್ನು ಪ್ರಕಟಿಸಿದರು. ಇಂದಿನ ಹವಾಮಾನ ವರದಿಗಳಲ್ಲಿ ಬರುವ ‘ವಿಂಡ್ ಚಿಲ್’ ಎಂಬ ಅಂಕಿಯ ಮೂಲವು ಅದೇ. ಕೆನಡಾದಲ್ಲಿ ಆ ಅಂಕಿಯು ಶೂನ್ಯಕ್ಕಿಂತ 28 ಡಿಗ್ರಿ ಕೆಳಗಿಳಿಯಿತೆಂದರೆ, ಮುಚ್ಚಿಲ್ಲದ ಚರ್ಮವು 10ರಿಂದ 30 ನಿಮಿಷಗಳೊಳಗೆ ಹೆಪ್ಪುಗಟ್ಟಬಹುದೆಂದು ಎಚ್ಚರಿಸುತ್ತಾರೆ. ಬಸ್ಸೊಂದು ತಪ್ಪಿ ಇನ್ನೊಂದಕ್ಕೆ ಕಾಯುವಷ್ಟು ಹೊತ್ತು ಅದು. ಉಡುಪಿನಲ್ಲಿ ನಮ್ಮವರು ಮಾಡುವ ತಪ್ಪುಗಳು ಎರಡು. ಒಂದು, ಹತ್ತಿಯ ಮೇಲಿನ ಅತಿಯಾದ ನಂಬಿಕೆ: ಸೆಕೆಗೆ ಹಿತವಾದ ಹತ್ತಿಯು ಬೆವರಿಗೆ ಒದ್ದೆಯಾದರೆ ಚಳಿಯಲ್ಲಿ ವೈರಿಯಾಗುತ್ತದೆ, ಮೈಗೆ ತಗುಲುವ ಪದರವು ಉಣ್ಣೆಯದೋ ಬೆವರು ಹಿಡಿದಿಡದ ಬಟ್ಟೆಯದೋ ಆಗಿರಬೇಕು. ಇನ್ನೊಂದು, ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲಗಳನ್ನು ತುರುಕುವುದು: ಬೆಚ್ಚಗಿರಲೆಂದು ಮಾಡಿದ ಈ ಉಪಾಯವು ರಕ್ತದ ದಾರಿಯನ್ನೇ ಹಿಸುಕುತ್ತದೆ. ಐದು ಬೆರಳುಗಳಿಗೂ ಬೇರೆ ಬೇರೆ ಮನೆಗಳಿರುವ ಕೈಗವಸಿಗಿಂತ ನಾಲ್ಕೂ ಒಟ್ಟಿಗಿರುವ ಗವಸು ಲೇಸು. ಕೂಡುಕುಟುಂಬವು ಅಲ್ಲಾದರೂ ಲಾಭಕರ. ಧೂಮಪಾನಿಗಳು, ಸಕ್ಕರೆ ರೋಗದವರು, ಕುಡಿದು ಬೆಚ್ಚಗಾದೆವೆಂದು ಭ್ರಮಿಸಿ ಬಯಲಿಗಿಳಿಯುವವರು ಇಮ್ಮಡಿ ಜಾಗರೂಕರಾಗಿರಬೇಕು. ಬರಿಗೈಯಿಂದ ಲೋಹವನ್ನು ಮುಟ್ಟಬಾರದು; ಕಡುಚಳಿಯಲ್ಲೂ ದ್ರವವಾಗಿಯೇ ಉಳಿಯುವ ಪೆಟ್ರೋಲು ಚೆಲ್ಲಿದರೆ ಆ ಕ್ಷಣವೇ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ಎಲ್ಲಕ್ಕಿಂತ ಮೇಲಾಗಿ, ತನ್ನ ಮೂಗನ್ನು ತಾನು ನೋಡಿಕೊಳ್ಳಲಾರದ ಮನುಷ್ಯನಿಗೆ ಜೊತೆಗಾರನ ಕಣ್ಣೇ ಕನ್ನಡಿ.

ಸಿಯಾಚಿನ್ನಿನ ಸೈನಿಕರು ಈ ಶಿಸ್ತಿನಿಂದಲೇ ಬದುಕುತ್ತಾರೆ. 1962ರ ಯುದ್ಧದಲ್ಲಿ ಹತ್ತಿಯ ಸಮವಸ್ತ್ರ, ಕ್ಯಾನ್ವಾಸ್ ಬೂಟುಗಳೊಡನೆ ಹಿಮಾಲಯದ ಎತ್ತರಕ್ಕೆ ಕಳುಹಿಸಲ್ಪಟ್ಟವರ ದುರವಸ್ಥೆಯು ದೇಶಕ್ಕೆ ಕಹಿಯಾದ ಪಾಠವನ್ನು ಕಲಿಸಿತು. 1984ರ ಏಪ್ರಿಲ್ 13ರಂದು ಸಿಯಾಚಿನ್ನಿನ ಕಾವಲು ಆರಂಭವಾದಂದಿನಿಂದ ಅಲ್ಲಿ ಶತ್ರುವಿನ ಗುಂಡಿಗಿಂತ ಹವೆಯೇ ಹೆಚ್ಚು ಬಲಿಗಳನ್ನು ಪಡೆದಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ಶರೀರಶಾಸ್ತ್ರ ವಿಭಾಗವು ಲೋಳೆಸರದಿಂದ ತಯಾರಿಸಿದ ಅಲೋಕಲ್ ಎಂಬ ಮುಲಾಮು ಅಲ್ಲಿನವರ ಕೈಯಲ್ಲಿದೆ. ನಮ್ಮ ಹಿತ್ತಲಿನ ಗಿಡವೊಂದು ಹೀಗೆ ಅಷ್ಟೆತ್ತರಕ್ಕೆ ಏರಿದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರ ಹೆಸರನ್ನು ಕನ್ನಡಿಗರು ಮರೆತಿರಲಾರರು. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣ್ಯದ ಮೇಲೆ ಕುಸಿದ ಹಿಮದಡಿ ಹೂತುಹೋದ ಹತ್ತು ಮಂದಿಯಲ್ಲಿ ಅವರೊಬ್ಬರೇ ಆರನೆಯ ದಿನ ಜೀವಸಹಿತ ದೊರೆತರು. ಅಂದಿನ ವೈದ್ಯಕೀಯ ಪ್ರಕಟಣೆಯಲ್ಲಿ ಎಲ್ಲರನ್ನೂ ಚಕಿತಗೊಳಿಸಿದ ಮಾತೊಂದಿತ್ತು: ಅವರ ಮೈಮೇಲೆ ಹಿಮಕಡಿತದ ಗಾಯಗಳಿರಲಿಲ್ಲ. ಗಾಳಿಯಿಂದ ಮರೆಮಾಡುವ ಹಿಮವು ಒಂದು ಬಗೆಯ ಕಂಬಳಿಯೂ ಹೌದು. ಆದರೆ ದೇಹದ ಒಳಗಿನ ಶಾಖವು ಕುಂದಿ, ನೀರು ಬತ್ತಿ, ಪ್ರಾಣವಾಯುವಿನ ಕೊರತೆಯಿಂದ ಒಳಾಂಗಗಳು ಸೋತಿದ್ದುವು. 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಬೆರಳನ್ನು ಕಾಯುವ ಶಾಸ್ತ್ರವು ಪ್ರಾಣವನ್ನು ಕಾಯುವ ಶಾಸ್ತ್ರದ ಒಂದು ಅಧ್ಯಾಯ ಮಾತ್ರವೆಂಬುದನ್ನು ಅವರ ಸಾವು ನಮಗೆ ನೆನಪಿಸುತ್ತದೆ.

ಹಿಮವಿಲ್ಲದ ನಮ್ಮ ಊರುಗಳಲ್ಲಿಯೂ ಕೃತಕವಾದ ಚಳಿಯು ಕಡಿಯದೆ ಬಿಟ್ಟಿಲ್ಲ. ಉಳುಕಿದ ಕಾಲಿಗೆ ಬಟ್ಟೆಯ ಮರೆಯಿಲ್ಲದೆ ಗಂಟೆಗಟ್ಟಲೆ ಐಸ್ ಕಟ್ಟಿಕೊಂಡವರೂ, ಶೂನ್ಯಕ್ಕಿಂತ 78 ಡಿಗ್ರಿ ಕೆಳಗಿರುವ ಡ್ರೈ ಐಸನ್ನು ಬರಿಗೈಯಲ್ಲಿ ಹಿಡಿದವರೂ ಇದೇ ಗಾಯವನ್ನು ಪಡೆಯುತ್ತಾರೆ. ಜಾತ್ರೆ ಪ್ರದರ್ಶನಗಳಲ್ಲಿ ಹೊಗೆಯುಗುಳುವ ಬಿಸ್ಕತ್ತಿಗೆ ಬಳಸುತ್ತಿದ್ದ ದ್ರವ ಸಾರಜನಕವಂತೂ ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನದು. ಮಕ್ಕಳ ಬಾಯಿಗೂ ಹೊಟ್ಟೆಗೂ ಅದರಿಂದ ಒದಗಬಹುದಾದ ಅಪಾಯವನ್ನು ಕಂಡು ಕರ್ನಾಟಕ ಸರ್ಕಾರವು 2024ರಲ್ಲಿ ಅದರ ಅಂತಹ ಬಳಕೆಯನ್ನು ನಿರ್ಬಂಧಿಸಿತು.

ಇಷ್ಟೆಲ್ಲ ಸಮೀಕ್ಷೆಯಿಂದ ಸಾಮಾನ್ಯ ಓದುಗನು ಕಟ್ಟಿಕೊಂಡು ಹೋಗಬೇಕಾದ ಬುತ್ತಿಯು ಚಿಕ್ಕದು. ಹಿಮದ ನಾಡಿಗೆ ಹೊರಟವರು ಸಾಮಾನಿನಲ್ಲಿ ಒಂದು ಜೊತೆ ಕಾಲುಚೀಲವನ್ನು ಹೆಚ್ಚಾಗಿ ಇಟ್ಟುಕೊಳ್ಳಲಿ, ಅದನ್ನು ಕೈಗೂ ತೊಡಬಹುದೆಂಬುದನ್ನು ಹೊರಡುವ ಮುನ್ನವೇ ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ನೋಯುತ್ತಿದ್ದ ಬೆರಳು ನೋಯುವುದನ್ನು ನಿಲ್ಲಿಸಿದರೆ ಅದನ್ನು ಉಪಶಮನವೆಂದು ಎಣಿಸದೆ, ನಿಂತಲ್ಲಿಯೇ ನಿಂತು ಕಂಕುಳಲ್ಲಿಟ್ಟುಕೊಳ್ಳಲಿ. ಅಷ್ಟರಲ್ಲಿ ಪಕ್ಕದವನ ಮೂಗಿನ ಮೇಲೊಮ್ಮೆ ಕಣ್ಣಾಡಿಸಲಿ.